ದುಬ್ರೋವ್ನಿಕ್ ಪಟ್ಟಣದಲ್ಲಿ ಒಂದು ಹಗಲು

ವಿಹಾರನೌಕೆಯಲ್ಲಿ ಕಡಲಯಾತ್ರೆ ಮಾಡುವವರಿಗೆ ಊರುಗಳು ಹಗಲಿಗೊಂದರಂತೆ ದೊರೆಯುತ್ತವೆ. ರಾತ್ರಿಯೆಲ್ಲ ಹಡಗು ಸಾಗುವುದು. ಬೆಳಗಾದಾಗ ಕಿಟಕಿಯ ಹೊರಗೆ ಹೊಸದೊಂದು ರೇವು ಕಾಣುವುದು. ಇಳಿಯುವ ಮೆಟ್ಟಿಲ ಬಳಿ ಒಂದು ಹಲಗೆಯನ್ನಿಟ್ಟು, ಎಲ್ಲರೂ ಹಿಂದಿರುಗಿರಬೇಕಾದ ವೇಳೆಯನ್ನು ಅದರಲ್ಲಿ ತೋರಿಸಿರುವರು. ದುಬ್ರೋವ್ನಿಕ್ ಪಟ್ಟಣದ ರೇವಿನಲ್ಲಿ ನಮ್ಮ ಹಲಗೆ ಸಂಜೆ ಐದೂವರೆ ಎಂದು ಹೇಳುತ್ತಿತ್ತು. ನಾವು ನೆಲಕ್ಕೆ ಕಾಲಿಟ್ಟಾಗ ಎಂಟು ಗಂಟೆ. ಒಂಬತ್ತೂವರೆ ಗಂಟೆಗಳೊಳಗೆ ಒಂದು ಪುರಾತನ ನಗರವನ್ನು ನೋಡಿಬಿಡುತ್ತೇವೆಂದು ಹೊರಡುವುದು ಸ್ವಲ್ಪ ನಾಚಿಕೆಯ ಮಾತೇ ಸರಿ. ಆದರೆ ಬೇರಾವ ಊರಿನಲ್ಲಿಯೂ ತೋರದ ಒಂದು ಯೋಚನೆ ಈ ಊರಿನಲ್ಲಿ ನಮಗೆ ತೋರಿತು. ಹೊರಗಿನಿಂದ ಬಂದವನನ್ನು ಎಲ್ಲಿ ನಿಲ್ಲಿಸಬೇಕು, ಎಷ್ಟು ದಿನ ನಿಲ್ಲಿಸಬೇಕು, ಯಾವಾಗ ಒಳಕ್ಕೆ ಬಿಡಬೇಕು ಎಂಬುದನ್ನು ಆರುನೂರು ವರ್ಷಗಳಿಗೂ ಹಿಂದೆಯೇ ಕುಳಿತು ಆಲೋಚಿಸಿ ಶಾಸನವಾಗಿ ಬರೆದಿಟ್ಟ ನಗರವಿದು. ಬಂದವರ ಪ್ರಶ್ನೆಯೇ ಇಂದಿಗೂ ಅದರ ಮುಖ್ಯವಾದ ಪ್ರಶ್ನೆ. ಆ ದಿನ ಬಂದವರಲ್ಲಿ ನಾವೂ ಸೇರಿದ್ದೆವು.

ದುಬ್ರೋವ್ನಿಕ್ ಇರುವುದು ಕ್ರೊಯೇಷಿಯ ದೇಶದ ದಕ್ಷಿಣದ ತುದಿಯಲ್ಲಿ, ಏಡ್ರಿಯಾಟಿಕ್ ಸಮುದ್ರದ ಪೂರ್ವ ತೀರದಲ್ಲಿ. ಹಿಂದೆ ಇದನ್ನು ರಗೂಸ ಎಂದು ಕರೆಯುತ್ತಿದ್ದರು. ಇಂಗ್ಲಿಷಿನಲ್ಲಿ ಸರಕು ತುಂಬಿದ ದೊಡ್ಡ ಹಡಗಿಗೆ ಹೇಳುವ ಆರ್ಗಸಿ ಎಂಬ ಹಳೆಯ ಮಾತು ಹುಟ್ಟಿದ್ದು ಈ ಹೆಸರಿನಿಂದಲೇ. ಇಂದಿನ ವಿಹಾರನೌಕೆಗಳು ಹಳೆಯ ಪಟ್ಟಣದ ಸಣ್ಣ ರೇವಿನೊಳಗೆ ಹಿಡಿಸತಕ್ಕವಲ್ಲ. ಅವು ಸುಮಾರು ಮೂರು ಕಿಲೋಮೀಟರು ದೂರದ ಗ್ರೂಜ್ ಎಂಬ ಕೊಲ್ಲಿಯಲ್ಲಿ ನಿಲ್ಲುತ್ತವೆ. ಆದುದರಿಂದ ಇಳಿದೊಡನೆ ಕಾಣುವುದು ಕೋಟೆಯಲ್ಲ. ಬಸ್ಸುಗಳ ಸಾಲು, ಹಡಗಿನವರು ಏರ್ಪಡಿಸಿದ ಮಾರ್ಗದರ್ಶಿಗಳು, ಅವರು ಎತ್ತಿ ಹಿಡಿದ ಅಂಕಿಗಳ ಫಲಕಗಳು. ನಾವು ಯಾವ ಅಂಕಿಯ ಹಿಂದೆಯೂ ಹೋಗದೆ ಊರವರ ಬಸ್ಸನ್ನು ಹತ್ತಿದೆವು. ಹೀಗೆ ಮಾಡಿದುದರಿಂದ ಅರ್ಧ ಗಂಟೆ ಉಳಿಯಿತು. ಈ ಬಗೆಯ ದಿನದಲ್ಲಿ ಅರ್ಧ ಗಂಟೆಯ ಬೆಲೆ ಸಾಮಾನ್ಯವಲ್ಲ.

ಬಸ್ಸು ನಮ್ಮನ್ನು ಬಿಟ್ಟುದು ಪಶ್ಚಿಮದ ಹೆಬ್ಬಾಗಿಲ ಮುಂದೆ. ಪೀಲೆ ಬಾಗಿಲೆಂದು ಅದರ ಹೆಸರು. ಕಂದಕದ ಮೇಲೆ ಕಲ್ಲಿನ ಸೇತುವೆ, ಅದರ ಕೊನೆಗೆ ಸರಪಣಿಗಳಿಂದ ಎತ್ತುವ ಮರದ ಸೇತುವೆ, ಬಾಗಿಲ ನೆತ್ತಿಯಲ್ಲಿ ಊರಿನ ರಕ್ಷಕನಾದ ಸಂತ ವ್ಲಾಹೊವಿನ ಪ್ರತಿಮೆ. ಇಂಗ್ಲಿಷರು ಬ್ಲೇಜ್ ಎನ್ನುವ ಸಂತನೇ ಈತ. ಒಳಗೆ ಕಾಲಿಟ್ಟೊಡನೆ ಒಂದು ನಕ್ಷೆ ಕಣ್ಣಿಗೆ ಬಿದ್ದಿತು. ಊರಿನ ಪ್ರತಿಯೊಂದು ಮನೆಯನ್ನೂ ಬಿಡಿಸಿ ಅದರ ಮೇಲೆಲ್ಲ ಗುರುತುಗಳನ್ನು ಹಾಕಿದ್ದರು. ಗುಂಪುಗಳು ಅದರ ಮುಂದೆ ಕ್ಷಣಮಾತ್ರ ನಿಂತು ಮುಂದೆ ಸಾಗುತ್ತಿದ್ದುವು. ನಾವೂ ಅದನ್ನು ದಾರಿ ತೋರಿಸುವ ನಕ್ಷೆಯೆಂದೇ ಎಣಿಸಿ, ಕೋಟೆಗೆ ಹತ್ತುವ ಮೆಟ್ಟಿಲು ಎಲ್ಲಿದೆಯೆಂದು ಅದರಲ್ಲಿ ಹುಡುಕಿದೆವು. ಅದು ದಾರಿಯ ನಕ್ಷೆಯಲ್ಲವೆಂಬುದು ತಿಳಿದುದು ಸ್ವಲ್ಪ ಹೊತ್ತಿನ ಮೇಲೆ.

ಬಾಗಿಲ ಒಳಗಡೆ ದೊಡ್ಡ ಕಾರಂಜಿಯೊಂದಿದೆ. ಗುಂಡಗಿನ ಗುಮ್ಮಟ, ಹದಿನಾರು ಮುಖ, ಮುಖಕ್ಕೊಂದರಂತೆ ಕಲ್ಲಿನಲ್ಲಿ ಕೆತ್ತಿದ ಮೋರೆ. ಮೋರೆಯ ಬಾಯಿಂದ ನೀರು. ನೇಪಲ್ಸ್ ಸೀಮೆಯಿಂದ ಕರೆಸಿದ ಒನೋಫ್ರಿಯೋ ಎಂಬ ಶಿಲ್ಪಿ 1438ರಲ್ಲಿ ಇದನ್ನು ಮುಗಿಸಿದನು. ಕಾರಂಜಿಗಿಂತ ಹೆಚ್ಚಿನದು ಅದರ ಹಿಂದಿನ ಕೆಲಸ. ಸುಮಾರು ಹನ್ನೆರಡು ಕಿಲೋಮೀಟರು ದೂರದ ಬೆಟ್ಟದ ಬುಗ್ಗೆಯಿಂದ ಕಾಲುವೆಯಲ್ಲಿ, ಯಾವ ಯಂತ್ರದ ಸಹಾಯವೂ ಇಲ್ಲದೆ ಇಳಿಜಾರಿನ ಬಲದಿಂದಲೇ ನೀರನ್ನು ತಂದರು. ಅಲ್ಲಿಯವರೆಗೆ ಊರವರು ಮಳೆಯ ನೀರನ್ನು ತೊಟ್ಟಿಗಳಲ್ಲಿ ಕೂಡಿಟ್ಟು ಕುಡಿಯುತ್ತಿದ್ದರು. ನಾವೂ ಒಂದು ಮೋರೆಯ ಕೆಳಗೆ ಕೈಯೊಡ್ಡಿ ಕುಡಿದೆವು. ನೀರು ತಣ್ಣಗೆ, ಸವಿಯಾಗಿ ಇತ್ತು.

ಒಂದೇ ಹಗಲು ಇರುವವರು ಮೊದಲು ಕೋಟೆಗೋಡೆಯನ್ನು ಹತ್ತತಕ್ಕದ್ದು. ಬಿಸಿಲೇರಿದ ಮೇಲೆ ಅಲ್ಲಿ ನೆರಳಿಲ್ಲ. ಹತ್ತು ಗಂಟೆಯ ಮೇಲೆ ನಡೆಯುವುದಕ್ಕೆ ಜಾಗವೂ ಇಲ್ಲ. ಅದಲ್ಲದೆ ಕೆಳಗಿನ ಬೀದಿಗಳಲ್ಲಿ ಅರ್ಥವಾಗದುದು ಮೇಲಿನಿಂದ ಒಂದೇ ನೋಟಕ್ಕೆ ತಿಳಿಯುತ್ತದೆ. ಗೋಡೆಯ ಸುತ್ತಳತೆ 1,940 ಮೀಟರು. ಎತ್ತರ ಕೆಲವೆಡೆ 25 ಮೀಟರು ಮುಟ್ಟುತ್ತದೆ. ಭೂಮಿಯ ಕಡೆ ಗೋಡೆಯ ದಪ್ಪ ನಾಲ್ಕರಿಂದ ಆರು ಮೀಟರು. ಕಡಲ ಕಡೆ ಮೂರನ್ನು ಮೀರುವುದಿಲ್ಲ. ಈ ಒಂದು ವ್ಯತ್ಯಾಸದಲ್ಲಿಯೇ ಊರಿನ ಭಯವೆಲ್ಲಿತ್ತು, ಧೈರ್ಯವೆಲ್ಲಿತ್ತು ಎಂಬುದನ್ನು ಓದಬಹುದು. ಬೆಟ್ಟದ ಕಡೆಯ ಮೂಲೆಯಲ್ಲಿ ಮಿಂಚೆತ ಎಂಬ ದುಂಡು ಬುರುಜು ಎಲ್ಲಕ್ಕೂ ಎತ್ತರವಾಗಿ ನಿಂತಿದೆ. ತುರ್ಕರು 1453ರಲ್ಲಿ ಕಾನ್‌ಸ್ಟಾಂಟಿನೋಪಲನ್ನು ಹಿಡಿದ ಸುದ್ದಿ ಬಂದ ಮೇಲೆ, ಫಿರಂಗಿಯ ಗುಂಡಿಗೆ ತಡೆಯುವಂತೆ ಅದನ್ನು ಬಲಪಡಿಸಿದರು.

ನಾವು ಮಿಂಚೆತದ ಮೇಲೆ ನಿಂತು ಊರನ್ನು ನೋಡಿದೆವು. ಕೆಳಗೆ ಇದ್ದುದೆಲ್ಲ ಹೆಂಚಿನ ಮಾಡುಗಳು. ಮೊದಲಿಗೆ ಎಲ್ಲವೂ ಒಂದೇ ಕೆಂಪಾಗಿ ತೋರಿದುವು. ಕಣ್ಣು ಪಳಗಿದ ಮೇಲೆ ಎರಡು ಬಣ್ಣಗಳೆಂಬುದು ಕಂಡಿತು. ಕೆಲವು ಮಾಡುಗಳ ಹೆಂಚು ಮಾಸಿ, ಹಳದಿಗೆ ತಿರುಗಿ, ಪಾಚಿ ಹಿಡಿದಿದ್ದುವು. ಬಹಳ ಮಾಡುಗಳ ಹೆಂಚು ಮಾತ್ರ ಒಂದೇ ಸಮನಾದ ಹೊಸ ಕೆಂಪು. ಹಳೆಯ ಊರಿನಲ್ಲಿ ಇಷ್ಟೊಂದು ಹೊಸ ಹೆಂಚು ಎಲ್ಲಿಂದ ಬಂದಿತು ಎಂದು ಯೋಚಿಸಿದಾಗ ಬಾಗಿಲ ಬಳಿಯ ನಕ್ಷೆಯ ಅರ್ಥ ಹೊಳೆಯಿತು.

ಕ್ರೊಯೇಷಿಯ 1991ರ ಜೂನ್ ತಿಂಗಳಲ್ಲಿ ಯುಗೊಸ್ಲಾವಿಯದಿಂದ ಬೇರೆಯಾಗಿ ಸ್ವತಂತ್ರವೆಂದು ಸಾರಿಕೊಂಡಿತು. ಅಕ್ಟೋಬರ್ 1ನೆಯ ತಾರೀಖು ಯುಗೊಸ್ಲಾವ್ ಸೇನೆ ದುಬ್ರೋವ್ನಿಕನ್ನು ಮುತ್ತಲು ತೊಡಗಿತು. ಊರಿಗೆ ನೀರೂ ವಿದ್ಯುತ್ತೂ ನಿಂತುಹೋದುವು. ಹಳೆಯ ಪಟ್ಟಣವನ್ನು 1979ರಲ್ಲಿಯೇ ಯುನೆಸ್ಕೋ ಸಂಸ್ಥೆ ಜಗತ್ತಿನ ಸ್ವತ್ತುಗಳ ಪಟ್ಟಿಯಲ್ಲಿ ಸೇರಿಸಿತ್ತು; ಆ ಗುರುತಿನ ಬಾವುಟಗಳು ಗೋಡೆಯ ಮೇಲೆ ಹಾರುತ್ತಿದ್ದರೂ ಗುಂಡುಗಳು ಬಿದ್ದುವು. ಅತ್ಯಂತ ಭಯಂಕರವಾದ ದಿನ ಡಿಸೆಂಬರ್ 6. ಮುತ್ತಿಗೆ ಮುಗಿದ ಮೇಲೆ ಎಣಿಸಿ ನೋಡಿದಾಗ, ಹಳೆಯ ಪಟ್ಟಣದ 824 ಕಟ್ಟಡಗಳಲ್ಲಿ ನೂರಕ್ಕೆ ಅರುವತ್ತೆಂಟರಷ್ಟಕ್ಕೆ ಪೆಟ್ಟು ತಗುಲಿತ್ತು. ಪೀಲೆ ಬಾಗಿಲ ನಕ್ಷೆಯಲ್ಲಿ ಹಾಕಿದ ಗುರುತುಗಳು ಈ ಪೆಟ್ಟುಗಳವು. ಹೊಸ ಹೆಂಚಿನ ಕೆಂಪೂ ಅದೇ ಲೆಕ್ಕ. ಈ ಲೆಕ್ಕವನ್ನು ಮರೆಮಾಡಬೇಕೆಂದಿದ್ದರೆ ಹೆಂಚಿಗೆ ಹಳೆಯ ಬಣ್ಣ ಕೊಡುವುದು ಕಷ್ಟವಾಗುತ್ತಿರಲಿಲ್ಲ. ಹಾಗೆ ಮಾಡದಿದ್ದುದು ಒಳ್ಳೆಯದಾಯಿತೆಂದು ನಮ್ಮ ಅಭಿಪ್ರಾಯ.

ಕಡಲ ಕಡೆಯ ಗೋಡೆಯ ಮೇಲೆ ನಡೆಯುವಾಗ ಮನೆಗಳ ಹಿತ್ತಿಲು ಕಾಲ ಕೆಳಗೇ ಇರುತ್ತದೆ. ನಿಂಬೆಯ ಗಿಡ, ಒಣಗಲು ಹಾಕಿದ ಬಟ್ಟೆ, ಮಲಗಿದ ಬೆಕ್ಕು. ಇವುಗಳನ್ನು ಹಡಗಿನ ಜನ ಚಿತ್ರ ತೆಗೆದುಕೊಳ್ಳುತ್ತಿದ್ದರು. ಒಂದು ಕಿಟಕಿಯಲ್ಲಿ ಹೆಂಗಸೊಬ್ಬರು ಕಾಣಿಸಿಕೊಂಡು, ನಮ್ಮೆಲ್ಲರನ್ನೂ ಒಮ್ಮೆ ನೋಡಿ, ಕಿಟಕಿಯ ಕದವನ್ನು ಮುಚ್ಚಿಕೊಂಡರು. ಅವರ ಮೇಲೆ ನಮಗೆ ಬೇಸರವಾಗಲಿಲ್ಲ. ಆದರೆ ಅಲ್ಲಿಂದ ಮುಂದೆ ನಾವು ಬೇರೊಂದನ್ನು ಎಣಿಸತೊಡಗಿದೆವು: ಎಷ್ಟು ಕಿಟಕಿಗಳಲ್ಲಿ ಪರದೆಯಿದೆ, ಎಷ್ಟರ ಮುಂದೆ ಹೂವಿನ ಕುಂಡವಿದೆ, ಎಷ್ಟು ಕಿಟಕಿಗಳು ಮುಚ್ಚಿವೆ ಎಂದು. ಮುಚ್ಚಿದುವೇ ಹೆಚ್ಚಾಗಿದ್ದುವು.

ಗೋಡೆಯಿಂದಿಳಿದು ಊರಿನ ನಡುಬೀದಿಗೆ ಬಂದೆವು. ಸ್ತ್ರಾದೂನ್ ಎಂಬ ಈ ಬೀದಿಯ ಉದ್ದ ಸುಮಾರು 300 ಮೀಟರು. ಹಿಂದೊಮ್ಮೆ ಇಲ್ಲಿ ಜೌಗು ನೆಲವಿತ್ತು. ಅದರ ಒಂದು ಕಡೆಯ ಬಂಡೆಯ ಮೇಲೆ ಒಂದು ಊರು, ಇನ್ನೊಂದು ಕಡೆಯ ಬೆಟ್ಟದಡಿಯಲ್ಲಿ ಇನ್ನೊಂದು ಊರು. ನಡುವಣ ಜೌಗನ್ನು ತುಂಬಿ ಎರಡನ್ನೂ ಒಂದಾಗಿಸಿದರು. ಬೀದಿಗೆ ಹಾಸಿದ ಸುಣ್ಣಕಲ್ಲು ಕಾಲ್ತುಳಿತಕ್ಕೆ ಸವೆದು ಕನ್ನಡಿಯಂತಾಗಿದೆ. ಮಳೆ ಬಂದಾಗ ಜಾರದೆ ನಡೆಯುವುದೇ ಒಂದು ವಿದ್ಯೆಯಿರಬೇಕು. ಎರಡು ಕಡೆಯ ಮನೆಗಳೂ ಒಂದೇ ಎತ್ತರ, ಒಂದೇ ಅಚ್ಚು. ಕೆಳಗೆ ಅಂಗಡಿ, ಮೇಲೆ ವಾಸ. ಅಂಗಡಿಯ ಬಾಗಿಲೂ ಕಿಟಕಿಯೂ ಒಂದೇ ಕಮಾನಿನೊಳಗೆ ಸೇರಿದ್ದು, ಕಿಟಕಿಯ ಕಟ್ಟೆಯೇ ವ್ಯಾಪಾರದ ಮಣೆಯಾಗಿದೆ. ಈ ಏಕರೂಪತೆಗೆ ಕಾರಣ ಒಂದು ವಿಪತ್ತು. 1667ರ ಏಪ್ರಿಲ್ 6ರಂದು ಭೂಕಂಪವಾಗಿ ಊರಿನ ಬಹುಭಾಗ ಉರುಳಿತು. ಹಿಂದೆಯೇ ಬೆಂಕಿ ಹತ್ತಿ ದಿನಗಟ್ಟಲೆ ಉರಿಯಿತು. ಸಾವಿರಾರು ಜನ ಸತ್ತರು. ರಾಜ್ಯದ ಮುಖ್ಯಾಧಿಕಾರಿಯೂ ಸತ್ತನು. ಉಳಿದವರು ಕೂಡಿ, ನಡುಬೀದಿಯಲ್ಲಿ ಯಾರೂ ತಮ್ಮ ಇಷ್ಟದಂತೆ ಕಟ್ಟಕೂಡದೆಂದು ಗೊತ್ತುಮಾಡಿ, ಒಂದೇ ಮಾದರಿಯಲ್ಲಿ ಮನೆಗಳನ್ನು ಎಬ್ಬಿಸಿದರು. ಅದಕ್ಕೆ ಮುಂಚಿನ ಊರು ಹೇಗಿತ್ತೆಂಬುದನ್ನು ಕಾಣಬೇಕಾದರೆ ಸಂತ ವ್ಲಾಹೊವಿನ ದೇವಾಲಯಕ್ಕೆ ಹೋಗಬೇಕು. ಬೆಳ್ಳಿಗೆ ಚಿನ್ನದ ನೀರೆರೆದ ಸಂತನ ಮೂರ್ತಿ ಕೈಯಲ್ಲಿ ಪುಟ್ಟ ಊರೊಂದನ್ನು ಹಿಡಿದಿದೆ. ಭೂಕಂಪಕ್ಕೆ ಹಿಂದಿನ ರಗೂಸದ ಪ್ರತಿಕೃತಿಯದು.

ಇಂದು ಆ ಅಂಗಡಿಗಳಲ್ಲಿ ಮಾರುವುದು ಐಸ್‌ಕ್ರೀಮು, ಟೋಪಿ, ಗೇಮ್ ಆಫ್ ತ್ರೋನ್ಸ್ ಎಂಬ ದೂರದರ್ಶನದ ಕಥಾಮಾಲೆಯ ಕತ್ತಿ ಕಿರೀಟಗಳು. ಆ ಕಥೆಯ ರಾಜಧಾನಿಯನ್ನು ಇಲ್ಲಿ ಚಿತ್ರಿಸಿದರಂತೆ. ಎಂದೂ ಇಲ್ಲದ ರಾಜನೊಬ್ಬನ ಸಿಂಹಾಸನವನ್ನು ಹುಡುಕಿಕೊಂಡು ಬರುವವರಿಗೆ, ರಾಜನೇ ಇಲ್ಲದೆ ನಾಲ್ಕೂವರೆ ನೂರು ವರ್ಷ ತನ್ನನ್ನು ತಾನೇ ಆಳಿಕೊಂಡ ಊರು ಕಾಣದೆ ಹೋಗುವುದು ವಿನೋದವೇ.

ಆ ಆಳ್ವಿಕೆಯ ಗುರುತು ಬೀದಿಯ ಕೊನೆಯಲ್ಲಿದೆ. ವೆನಿಸ್ಸಿನ ಒಡೆತನದಿಂದ 1358ರಲ್ಲಿ ಬಿಡುಗಡೆಯಾದ ರಗೂಸ, ಹೆಸರಿಗೆ ಹಂಗೆರಿಯ ದೊರೆಯನ್ನು ಒಪ್ಪಿಕೊಂಡು, ನಿಜದಲ್ಲಿ ಗಣರಾಜ್ಯವಾಯಿತು. ರಾಜ್ಯದ ಮುಖ್ಯನನ್ನು ರೆಕ್ಟರ್ ಎನ್ನುತ್ತಿದ್ದರು. ಅವನ ಅಧಿಕಾರದ ಅವಧಿ ಒಂದೇ ಒಂದು ತಿಂಗಳು. ಆ ತಿಂಗಳಲ್ಲಿ ಅವನು ಹೆಂಡತಿ ಮಕ್ಕಳನ್ನು ಬಿಟ್ಟು ಅರಮನೆಯಲ್ಲಿ ಒಬ್ಬನೇ ಇರತಕ್ಕದ್ದು. ರಾಜ್ಯಕಾರ್ಯವಿಲ್ಲದೆ ಹೊರಕ್ಕೆ ಕಾಲಿಡತಕ್ಕದ್ದಲ್ಲ. ಸ್ವಂತದ್ದನ್ನು ಮರೆತು ಎಲ್ಲರದನ್ನು ನೋಡಿಕೊಳ್ಳಿ ಎಂಬರ್ಥದ ಲ್ಯಾಟಿನ್ ಮಾತೊಂದನ್ನು ಅರಮನೆಯಲ್ಲಿ ಸಭಾಮಂದಿರದ ಬಾಗಿಲ ಮೇಲೆ ಕೆತ್ತಿದ್ದಾರೆ. ಕೇಳುವುದಕ್ಕೆ ಇದೆಲ್ಲ ಚೆನ್ನಾಗಿದೆ. ಆದರೆ ಈ ರೆಕ್ಟರನಾಗಲಿ ಅವನನ್ನು ಆರಿಸುವ ಮಹಾಸಭೆಯಾಗಲಿ ಕೆಲವೇ ಶ್ರೀಮಂತ ಮನೆತನಗಳ ಸೊತ್ತಾಗಿತ್ತೆಂಬುದನ್ನೂ ಹೇಳಬೇಕು. ಹಡಗು ಕಟ್ಟಿದವನಿಗೂ ನಡೆಸಿದವನಿಗೂ ಅಲ್ಲಿ ಮಾತಿರಲಿಲ್ಲ. ಅರಮನೆಯ ಅಂಗಳದಲ್ಲಿ ಒಂದು ಲೋಹದ ಮೂರ್ತಿಯಿದೆ. ಲೋಪುಡ್ ದ್ವೀಪದ ಮಿಹೊ ಪ್ರಾತ್ಸಾತ್ ಎಂಬ ಹಡಗಿನ ಸಾಹುಕಾರನದು. ಅವನು ತನ್ನ ಐಶ್ವರ್ಯವನ್ನು ರಾಜ್ಯಕ್ಕೆ ಬಿಟ್ಟುಹೋದನು. ರಾಜ್ಯ 1638ರಲ್ಲಿ ಮೂರ್ತಿಯನ್ನು ನಿಲ್ಲಿಸಿತು. ಶ್ರೀಮಂತ ಕುಲದಲ್ಲಿ ಹುಟ್ಟದವನೊಬ್ಬನಿಗೆ ಗಣರಾಜ್ಯ ಈ ಮರ್ಯಾದೆ ಮಾಡಿದುದು ಅದೊಂದೇ ಸಲ.

ಇಷ್ಟು ಸಣ್ಣ ರಾಜ್ಯ ಅಷ್ಟು ಕಾಲ ಬದುಕಿದುದು ಹೇಗೆ? ಕೋಟೆಯಿಂದಲೇ ಅಲ್ಲ, ಲೆಕ್ಕದಿಂದ. ತುರ್ಕಿಯ ಸುಲ್ತಾನನಿಗೆ ವರ್ಷಕ್ಕೆ 12,500 ಚಿನ್ನದ ಡಕಟ್ ನಾಣ್ಯಗಳನ್ನು ಕಪ್ಪವಾಗಿ ಕೊಟ್ಟು, ಅದಕ್ಕೆ ಪ್ರತಿಯಾಗಿ ಅವನ ಸೀಮೆಯಲ್ಲೆಲ್ಲ ವ್ಯಾಪಾರ ಮಾಡುವ ಹಕ್ಕನ್ನು ಪಡೆದರು. ಹೆಚ್ಚು ಭಯವಿದ್ದುದು ಸ್ವಮತದವರೇ ಆದ ವೆನಿಸ್ಸಿನವರಿಂದ. 1699ರ ಕಾರ್ಲೊವಿಟ್ಸ್ ಒಪ್ಪಂದದಲ್ಲಿ ರಗೂಸದ ಎರಡು ಕೊನೆಗಳಲ್ಲಿಯೂ ನೆಲದ ಪಟ್ಟಿಯೊಂದೊಂದು ತುರ್ಕರ ವಶದಲ್ಲಿ ಉಳಿಯಿತು. ಇದರಿಂದ ವೆನಿಸ್ಸಿನ ಗಡಿ ಎಲ್ಲಿಯೂ ರಗೂಸಕ್ಕೆ ತಾಗದಂತಾಯಿತು. ಉತ್ತರದ ಪಟ್ಟಿ ಇಂದಿಗೂ ಬೋಸ್ನಿಯ ದೇಶಕ್ಕೆ ಸೇರಿ, ನೆಯುಂ ಎಂಬ ಹೆಸರಿನಲ್ಲಿ ಸಮುದ್ರದವರೆಗೂ ಬಂದಿದೆ. ಆದುದರಿಂದ ದುಬ್ರೋವ್ನಿಕಿನಿಂದ ಕ್ರೊಯೇಷಿಯದ ಉಳಿದ ಭಾಗಕ್ಕೆ ನೆಲದ ಮೇಲೆ ಹೋಗುವವರು ಪರದೇಶದ ಗಡಿಯನ್ನು ಎರಡು ಸಲ ದಾಟಬೇಕಾಗಿತ್ತು. 2022ರಲ್ಲಿ ಪೆಲ್ಯೆಶಾತ್ಸ್ ಸೇತುವೆ ತೆರೆದ ಮೇಲೆ ಈ ತೊಂದರೆ ತಪ್ಪಿತು. ಮುನ್ನೂರು ವರ್ಷದ ಹಿಂದೆ ಭಯದಿಂದ ಗೆರೆಯೆಳೆದವರಿಗೆ ಹೀಗೊಂದು ಸೇತುವೆಯ ಖರ್ಚು ಮೊಮ್ಮಕ್ಕಳ ಮೊಮ್ಮಕ್ಕಳ ಮೇಲೆ ಬೀಳುವುದೆಂದು ಹೇಗೆ ತೋರಬೇಕು? ಗಣರಾಜ್ಯವನ್ನು ಕೊನೆಗೆ ಮುಗಿಸಿದವರು ತುರ್ಕರೂ ಅಲ್ಲ, ವೆನಿಸ್ಸಿನವರೂ ಅಲ್ಲ. ನೆಪೋಲಿಯನ್ನನ ಸೇನೆ 1806ರಲ್ಲಿ ಒಳಕ್ಕೆ ಬಂದಿತು. 1808ರಲ್ಲಿ ಅವನ ಸೇನಾಪತಿ ಗಣರಾಜ್ಯ ಇನ್ನಿಲ್ಲವೆಂದು ಸಾರಿದನು.

ಅರಮನೆಗೆ ಹತ್ತಿರದಲ್ಲಿಯೇ ಓರ್ಲಾಂಡೋ ಎಂಬ ವೀರನನ್ನು ಕೆತ್ತಿದ ಕಂಬವನ್ನು 1418ರಲ್ಲಿ ನಿಲ್ಲಿಸಿದರು. ಕಂಬದ ವೀರನ ಮುಂಗೈಯೇ ಊರಿನ ಮೊಳ. ಅದು ಸುಮಾರು 51 ಸೆಂಟಿಮೀಟರು. ಬಟ್ಟೆ ಕೊಂಡವನಿಗೆ ಅನುಮಾನ ಬಂದರೆ ಅಂಗಡಿಯವನನ್ನು ಅಲ್ಲಿಗೆ ಎಳೆದು ತಂದು ಅಳೆಯಬಹುದಾಗಿತ್ತು. ಎದುರಿಗಿರುವ ಸ್ಪೋಂಜ ಎಂಬ ಮಂದಿರ ಹಿಂದೆ ಸುಂಕದ ಮನೆ ಮತ್ತು ಟಂಕಸಾಲೆ. ಭೂಕಂಪಕ್ಕೂ ಬಗ್ಗದೆ ನಿಂತ ಕಟ್ಟಡ. ನಮ್ಮ ತೂಕಗಳು ಮೋಸಕ್ಕೆ ಎಡೆಕೊಡವು, ನಾವು ಸರಕನ್ನು ಅಳೆಯುವಾಗ ದೇವರು ನಮ್ಮನ್ನು ಅಳೆಯುತ್ತಾನೆ ಎಂಬರ್ಥದ ಬರಹ ಅದರ ಅಂಗಳದ ಕಮಾನಿನ ಮೇಲಿದೆ. ಅದೇ ಕಟ್ಟಡದಲ್ಲಿ ಒಂದು ಕೋಣೆ. ಗೋಡೆಯ ತುಂಬ ಭಾವಚಿತ್ರಗಳು: 1991ರಿಂದ ಊರನ್ನು ಕಾಯುವುದರಲ್ಲಿ ಸತ್ತವರು. ಬಹುಮಂದಿ ಇಪ್ಪತ್ತರ ಹತ್ತಿರದ ಹುಡುಗರು. ಅಲ್ಲಿ ನಾವು ಬಹಳ ಹೊತ್ತು ನಿಲ್ಲಲಿಲ್ಲ; ನಿಲ್ಲಲಾಗಲಿಲ್ಲ.

ಮಧ್ಯಾಹ್ನದ ಊಟಕ್ಕೆ ಗುಂಡುಲಿಚ್ ಚೌಕಕ್ಕೆ ಹೋದೆವು. ಹದಿನೇಳನೆಯ ಶತಮಾನದ ಕವಿ ಇವಾನ್ ಗುಂಡುಲಿಚ್ಚನ ಪ್ರತಿಮೆಯ ಸುತ್ತ ಬೆಳಗಿನ ಹೊತ್ತು ಸಂತೆ ಕೂಡುತ್ತದೆ. ನಾವು ಹೋದಾಗ ಎತ್ತುವ ಸಮಯ. ಅಂಜೂರ, ಸಕ್ಕರೆಯಲ್ಲಿ ಪಾಕ ಹಿಡಿಸಿದ ಕಿತ್ತಳೆ ಸಿಪ್ಪೆ, ಲ್ಯಾವೆಂಡರಿನ ಸಣ್ಣ ಚೀಲಗಳು ಉಳಿದಿದ್ದುವು. ಸೊಪ್ಪು ತರಕಾರಿ ಸ್ವಲ್ಪವೇ. ಅಂಜೂರ ಮಾರುತ್ತಿದ್ದ ವೃದ್ಧೆಯನ್ನು ನಾವು ಅರ್ಧ ಇಂಗ್ಲಿಷಿನಲ್ಲಿಯೂ ಅರ್ಧ ಕೈಸನ್ನೆಯಲ್ಲಿಯೂ ವಿಚಾರಿಸಿದೆವು. ಹಿಂದೆ ಸೊಪ್ಪು ಹೆಚ್ಚಾಗಿ ಮಾರುತ್ತಿತ್ತಂತೆ. ಈಗ ಅಡಿಗೆ ಮಾಡುವವರು ಗೋಡೆಯೊಳಗೆ ಕಡಿಮೆ. ಹಡಗಿನವರು ಸೊಪ್ಪು ಕೊಳ್ಳುವುದಿಲ್ಲ. ಮಾತು ಮುಗಿಸಿ ಒಂದು ಅಂಜೂರವನ್ನು ಲೆಕ್ಕಕ್ಕೆ ಹೆಚ್ಚಾಗಿ ಹಾಕಿಕೊಟ್ಟರು.

ಆಕೆ ಹೇಳಿದುದು ನಿಜ. ಯುದ್ಧಕ್ಕೆ ಮುಂಚೆ ಕೋಟೆಯೊಳಗೆ ಸುಮಾರು ಐದು ಸಾವಿರ ಜನ ವಾಸವಾಗಿದ್ದರು. ಇಂದು ಎರಡು ಸಾವಿರಕ್ಕೂ ಕಡಿಮೆ. ಗುಂಡು ಬಿದ್ದ ಮನೆಗಳನ್ನು ಕಟ್ಟಿದರು, ಹೆಂಚು ಹೊದಿಸಿದರು. ಬಳಿಕ ಆ ಮನೆಗಳನ್ನು ಪ್ರವಾಸಿಗಳಿಗೆ ದಿನಬಾಡಿಗೆಗೆ ಕೊಡುವುದು ಹೆಚ್ಚು ಲಾಭವೆಂದು ಕಂಡಿತು. ಇದರಲ್ಲಿ ಯಾರೊಬ್ಬರನ್ನು ದೂರುವುದು? ಸಾಲ ತೀರಿಸಬೇಕಾದ ಮನೆಯವನು ಬಾಡಿಗೆ ಬೇಡವೆನ್ನಲಾರನು. ಮಾಳಿಗೆಯಲ್ಲಿ ಮಕ್ಕಳಿಲ್ಲದಾಗ ಪಕ್ಕದಲ್ಲಿ ಹಾಲು ಬ್ರೆಡ್ಡು ಮಾರುವ ಅಂಗಡಿ ನಿಲ್ಲದು. ಅಂಗಡಿ ಮುಚ್ಚಿದ ಮೇಲೆ ಇದ್ದ ಮುದುಕರಿಗೂ ಕಷ್ಟ. ಗುಂಡಿನಿಂದ ಓಡದ ಜನ ಹೀಗೆ ಮೆಲ್ಲನೆ, ಯಾರೂ ಓಡಿಸದೆ, ಗೋಡೆಯ ಹೊರಕ್ಕೆ ಹೊರಟುಹೋದರು. ನಾವು ಗೋಡೆಯ ಮೇಲಿನಿಂದ ಎಣಿಸಿದ ಮುಚ್ಚಿದ ಕಿಟಕಿಗಳು ಇವರವು.

ಎರಡೂವರೆ ಗಂಟೆಯ ಹೊತ್ತಿಗೆ ಪೂರ್ವದ ಪ್ಲೊಚೆ ಬಾಗಿಲಿನಿಂದ ಹೊರಬಿದ್ದೆವು. ಹಡಗಿನ ಗುಂಪುಗಳು ಈ ಕಡೆ ಬರುವುದು ಕಡಿಮೆ. ಬಾಗಿಲಿನಿಂದ ಕೂಗಳತೆಯಲ್ಲಿ, ಕಡಲಿಗೆ ಬೆನ್ನಾಗಿ, ಕಲ್ಲಿನ ಉದ್ದನೆಯ ಕಟ್ಟಡಗಳ ಸಾಲೊಂದಿದೆ. ಹತ್ತು ಶಾಲೆಗಳು, ನಡುನಡುವೆ ಅಂಗಳಗಳು. ಲಜರೇತ್ ಎಂದು ಅದರ ಹೆಸರು. ಈಗ ಅಲ್ಲಿ ಸಂಗೀತ, ನಾಟಕ, ಚಿತ್ರಪ್ರದರ್ಶನಗಳು ನಡೆಯುತ್ತವೆ. ನಾವು ಬಂದಿದ್ದುದು ಅದು ಹಿಂದೆ ಏನಾಗಿತ್ತೆಂಬುದಕ್ಕಾಗಿ.

ಪ್ಲೇಗಿನ ಮಹಾಮಾರಿ 1348ರಲ್ಲಿ ರಗೂಸಕ್ಕೆ ಬಂದಿತು. ಯೂರೋಪನ್ನೆಲ್ಲ ಬರಿದುಮಾಡಿದ ಪ್ಲೇಗು ಅದು. ಮುಂದೆಯೂ ಮತ್ತೆ ಮತ್ತೆ ಮರುಕಳಿಸಿತು. ಪ್ಲೇಗು ಬಂದಾಗ ಊರುಗಳು ಮಾಡುತ್ತಿದ್ದ ಉಪಾಯ ಒಂದೇ: ಬಾಗಿಲು ಹಾಕಿಕೊಳ್ಳುವುದು. ಹೊಲಗದ್ದೆಗಳಿಂದ ಬದುಕುವ ಊರಿಗೆ ಅದು ಸಾಧ್ಯ. ರಗೂಸಕ್ಕೆ ಹೊಲವಿರಲಿಲ್ಲ. ಹಿಂದೆ ಬೋಳು ಬೆಟ್ಟ, ಮುಂದೆ ಕಡಲು. ಧಾನ್ಯ ಸಹ ಹಡಗಿನಲ್ಲಿಯೇ ಬರಬೇಕು. ಬಾಗಿಲು ಮುಚ್ಚಿದರೆ ಹಸಿವಿನಿಂದ ಸಾಯಬೇಕು, ತೆರೆದರೆ ಪ್ಲೇಗಿನಿಂದ ಸಾಯಬೇಕು. ಈ ಇಕ್ಕಟ್ಟಿನಲ್ಲಿ ಅವರ ಮಹಾಸಭೆ 1377ರ ಜುಲೈ 27ರಂದು ಹೊಸದೊಂದು ದಾರಿಯನ್ನು ಕಂಡಿತು. ರೋಗವಿರುವ ಪ್ರದೇಶದಿಂದ ಬಂದವರು ಮರ್ಕಾನ್ ಎಂಬ ನಡುಗಡ್ಡೆಯಲ್ಲಾಗಲಿ ತ್ಸಾವ್ತಾತ್ ಎಂಬ ಊರಿನಲ್ಲಾಗಲಿ 30 ದಿನ ಇದ್ದು ಶುದ್ಧರಾದ ಮೇಲೆ ಒಳಕ್ಕೆ ಬರಬಹುದು. ಊರವರು ಯಾರೂ ಅವರ ಬಳಿಗೆ ಹೋಗಕೂಡದು. ಅಪ್ಪಣೆಯಿಲ್ಲದೆ ಹೋದವರು ತಾವೂ ಅಲ್ಲಿಯೇ ಒಂದು ತಿಂಗಳು ಇರತಕ್ಕದ್ದು. ಬಂದವನಿಗೆ ಬಾರದಿರು ಎನ್ನಲಿಲ್ಲ, ತಾಳು ಎಂದರು. ಜಗತ್ತಿನಲ್ಲಿ ಈ ಬಗೆಯ ಕಾನೂನುಗಳಲ್ಲೆಲ್ಲ ಇದೇ ಮೊದಲನೆಯದೆಂದು ಚರಿತ್ರೆಕಾರರು ಎಣಿಸುತ್ತಾರೆ. ಮುಂದೆ ಮೂವತ್ತು ದಿನ ನಲವತ್ತಾಯಿತು. ನಲವತ್ತಕ್ಕೆ ಇಟಾಲಿಯನ್ನರು ಹೇಳುವ ಮಾತಿನಿಂದ ಕ್ವಾರಂಟೀನ್ ಎಂಬ ಶಬ್ದ ಹುಟ್ಟಿತು. 2020ರಲ್ಲಿ ಈ ಶಬ್ದ ನಮ್ಮ ನಾಡಿನ ಹಳ್ಳಿಹಳ್ಳಿಗಳ ಬಾಯಲ್ಲಿಯೂ ಆಡಿತೆಂಬುದನ್ನು ಶ್ರೋತೃಗಳು ಬಲ್ಲರು.

ಪ್ಲೇಗಿನ ಕಾರಣ ಆಗ ಯಾರಿಗೂ ತಿಳಿದಿರಲಿಲ್ಲ. ಅದರ ಸೂಕ್ಷ್ಮಾಣುವನ್ನು ಯೆರ್ಸಾನ್ ಎಂಬ ಪಂಡಿತನು ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದುದು 1894ರಲ್ಲಿ. ಸೋಂಕು ತಗುಲಿದವನಲ್ಲಿ ರೋಗ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಒಂದು ವಾರದೊಳಗೆ. ಆದುದರಿಂದ ಕಾರಣವನ್ನು ಅರಿಯದೆ ಅವರು ಗೊತ್ತುಮಾಡಿದ ಮೂವತ್ತು ದಿನ ಸಾಕಾಗಿ ಮಿಗುತ್ತಿತ್ತು. ಇದೇ ಪ್ಲೇಗು 1898ರಲ್ಲಿ ಬೆಂಗಳೂರಿಗೆ ಬಂದಾಗ ನಮ್ಮ ಹಿರಿಯರು ಮನೆಗಳನ್ನು ಬಿಟ್ಟು ಊರ ಹೊರಗೆ ಗುಡಿಸಲುಗಳಲ್ಲಿ ಇದ್ದುದನ್ನು ಕೆಲವು ಮನೆಗಳಲ್ಲಿ ಇಂದಿಗೂ ಹೇಳಿಕೊಳ್ಳುತ್ತಾರೆ. ಅಲ್ಲಿ ಬಂದವನು ಹೊರಗೆ. ಇಲ್ಲಿ ಮನೆಯವನೇ ಹೊರಗೆ.

ಮೊದಲು ನಡುಗಡ್ಡೆಗಳಲ್ಲಿ ನಡೆಯುತ್ತಿದ್ದ ಈ ಏರ್ಪಾಟು ಕೊನೆಗೆ ಪ್ಲೊಚೆ ಬಾಗಿಲ ಬಳಿಯ ಈ ಕಟ್ಟಡಗಳಿಗೆ ಬಂದಿತು. ಇವುಗಳನ್ನು ಹದಿನಾರನೆಯ ಶತಮಾನದ ಕೊನೆಯಲ್ಲಿ ತೊಡಗಿ ಹದಿನೇಳನೆಯದರಲ್ಲಿ ಮುಗಿಸಿದರು. ತುರ್ಕಿಯ ಸೀಮೆಯಿಂದ ಸರಕು ಹೇರಿದ ಕುದುರೆಗಳ ಸಾಲು ಬೆಟ್ಟವನ್ನಿಳಿದು ಈ ಬಾಗಿಲಿಗೆ ಬರುತ್ತಿತ್ತು. ವರ್ತಕರು ಒಂದು ಕಡೆ, ಸರಕು ಒಂದು ಕಡೆ. ಉಣ್ಣೆ, ಚರ್ಮಗಳಲ್ಲಿ ರೋಗ ಅಡಗಿರುವುದೆಂದು ನಂಬಿ ಮೂಟೆಗಳನ್ನು ಬಿಚ್ಚಿ ಗಾಳಿಗೆ ಹರವುತ್ತಿದ್ದರು, ಹೊಗೆ ಹಾಕುತ್ತಿದ್ದರು. ಕಾವಲುಗಾರರು ಅಲ್ಲಿಯೇ ಇರುತ್ತಿದ್ದರು. ನಾವು ಒಂದು ಅಂಗಳದಲ್ಲಿ ಕುಳಿತು, ಆ ವರ್ತಕರು ಊರನ್ನು ಎಷ್ಟು ಚೆನ್ನಾಗಿ ತಿಳಿದಿರಬೇಕೆಂದು ಆಲೋಚಿಸಿದೆವು. ಬಾಗಿಲ ಹೊರಗೆ ಮೂವತ್ತು ನಲವತ್ತು ದಿನ ಕುಳಿತವನಿಗೆ ಒಳಗಿನ ಗಂಟೆಯ ಧ್ವನಿ, ಮೀನುಗಾರರ ವೇಳೆ, ಕಾವಲಿನವನ ಮಕ್ಕಳ ಹೆಸರು ಎಲ್ಲ ತಿಳಿದಿರುತ್ತಿತ್ತು. ಬಾಗಿಲ ಒಳಗೆ ಆರು ಗಂಟೆ ಸುತ್ತಿದ ನಮಗೆ ಒಬ್ಬರ ಹೆಸರೂ ತಿಳಿದಿರಲಿಲ್ಲ.

ಊರು ಈಗ ಮತ್ತೊಮ್ಮೆ ಎಣಿಸತೊಡಗಿದೆ. ಹಳೆಯ ಪಟ್ಟಣದೊಳಗೆ ಏಕಕಾಲದಲ್ಲಿ ಎಂಟು ಸಾವಿರಕ್ಕಿಂತ ಹೆಚ್ಚು ಜನವಿರಬಾರದೆಂದು ಯುನೆಸ್ಕೋ ಸಲಹೆ ಮಾಡಿತು. ನಗರಸಭೆಯವರು ಬಾಗಿಲುಗಳಲ್ಲಿ ಯಂತ್ರದ ಕಣ್ಣುಗಳನ್ನಿಟ್ಟು ಒಳಕ್ಕೆ ಹೋಗುವವರನ್ನೂ ಹೊರಕ್ಕೆ ಬರುವವರನ್ನೂ ಲೆಕ್ಕ ಹಾಕಿಸುತ್ತಾರೆ. ವಿಹಾರನೌಕೆಗಳ ಸಂಘದವರೊಡನೆ ಒಪ್ಪಂದ ಮಾಡಿಕೊಂಡು, 2019ರಿಂದ ಎರಡಕ್ಕಿಂತ ಹೆಚ್ಚು ನೌಕೆಗಳು ಒಟ್ಟಿಗೆ ಬಾರದಂತೆ ಗೊತ್ತುಮಾಡಿದರು. ನಮ್ಮ ಹಡಗು ಎಂಟಕ್ಕೆ ಬಂದು ಐದೂವರೆಗೆ ಹೊರಡಬೇಕಾಗಿದ್ದುದರಲ್ಲಿ ಈ ಲೆಕ್ಕವೂ ಸೇರಿತ್ತೋ ಏನೋ. 2020ರ ವಸಂತದಲ್ಲಿ ರೋಗಭಯದಿಂದ ಹಡಗುಗಳು ನಿಂತು ಸ್ತ್ರಾದೂನ್ ಬೀದಿ ಬರಿದಾಯಿತು. ಊರವರು ಆಗ ಬೀದಿಯ ಮೌನವನ್ನೂ ಕಂಡರು, ಗಲ್ಲಾಪೆಟ್ಟಿಗೆಯ ಮೌನವನ್ನೂ ಕಂಡರು. ಬಾಗಿಲು ಮುಚ್ಚಿದರೆ ಹಸಿವು, ತೆರೆದರೆ ನಾಶ ಎಂಬ 1377ರ ಇಕ್ಕಟ್ಟೇ ಇದು. ರೋಗದ ಸ್ಥಾನದಲ್ಲಿ ಈಗ ನಾವಿದ್ದೇವೆ. ನಾವು ಹೀಗೆಂದುದಕ್ಕೆ ನಮ್ಮ ಜೊತೆಯವರೊಬ್ಬರು ನೊಂದುಕೊಂಡರು. ನಾವು ದುಡ್ಡು ಕೊಟ್ಟು ಬಂದವರಲ್ಲವೆ ಎಂದರು. ಕೊಟ್ಟುದೇನು ಎಂದು ಲೆಕ್ಕ ನೋಡಿದೆವು: ಬಸ್ಸಿನ ಚೀಟಿ, ಗೋಡೆಯ ಚೀಟಿ, ಅರಮನೆಯ ಚೀಟಿ, ಅಂಜೂರ. ಊಟವನ್ನೂ ಹಾಸಿಗೆಯನ್ನೂ ಹಡಗಿನವರಿಗೆ ಮೊದಲೇ ಸಲ್ಲಿಸಿಯಾಗಿತ್ತು.

ಐದು ಗಂಟೆಗೆ ಗ್ರೂಜಿಗೆ ಹಿಂದಿರುಗಿದೆವು. ಏರುವಾಗ ನಮ್ಮ ಚೀಟಿಯನ್ನು ಯಂತ್ರಕ್ಕೆ ತೋರಿಸಿ, ಇಳಿದವರೆಲ್ಲ ಬಂದರೋ ಇಲ್ಲವೋ ಎಂದು ಲೆಕ್ಕ ಹಾಕಿದರು. ಹಡಗು ಹೊರಟು ದಕ್ಷಿಣಕ್ಕೆ ತಿರುಗಿದಾಗ ಎಡಗಡೆ ಹಳೆಯ ಪಟ್ಟಣ ಒಮ್ಮೆ ಪೂರ್ಣವಾಗಿ ಕಂಡಿತು. ಎರಡು ಬಣ್ಣದ ಹೆಂಚನ್ನು ಆ ದೂರದಿಂದಲೂ ಗುರುತಿಸಬಹುದಾಗಿತ್ತು. ಮೇಲಿನ ಮಹಡಿಯಲ್ಲಿ ವಾದ್ಯಗಳು ತೊಡಗಿದ್ದುವು. ಜನ ಆ ಕಡೆಗೆ ನಡೆದರು. ಪಟ್ಟಣ ಹಿಂದೆ ಬಿದ್ದ ಸ್ವಲ್ಪ ಹೊತ್ತಿನ ಮೇಲೆ ತ್ಸಾವ್ತಾತ್ ಊರಿನ ಮುಂದೆ ಸಣ್ಣ ನಡುಗಡ್ಡೆಗಳು ಕಾಣಿಸಿದುವು. ಅವುಗಳಲ್ಲಿ ಒಂದು ಮರ್ಕಾನ್. ಕಲ್ಲು, ಕುರುಚಲು, ಮೇಲೆ ಹಕ್ಕಿಗಳು. ಅಲ್ಲಿಂದ ಪಟ್ಟಣದ ಕಡೆಗೆ ಕೈಯಡ್ಡವಿಟ್ಟು ನೋಡಿದೆವು. ಮೂವತ್ತು ದಿನ ಅಲ್ಲಿ ಕುಳಿತವರಿಗೆ ಕೋಟೆ ಎಷ್ಟು ಗಾತ್ರವಾಗಿ ಕಾಣುತ್ತಿದ್ದಿರಬೇಕೆಂದು ಅಳೆಯುವುದರೊಳಗೆ ಹಡಗು ವೇಗ ಹಿಡಿಯಿತು.